ಟಾರ್ಚಿನವನ ಕಿವಿ

ನಮ್ಮೂರಿನಲ್ಲಿ ಫೋನಿಗೆ ಒಂದು ಆಪ್ ಹಾಕಿಕೊಳ್ಳುವ ಮುಂಚೆ ಮನೆಯಲ್ಲಿ ಹಾಲೆಷ್ಟಿದೆ ಎಂದು ನೋಡಿಕೊಳ್ಳುವುದು ವಾಡಿಕೆ. ಮರುದಿನ ಬೆಳಿಗ್ಗೆ ಆ ಆಪಿನವನು ಮನೆಗೆ ಬರುತ್ತಾನೆ, ಬಂದವನಿಗೆ ಕಾಫಿ ಕೊಡಬೇಕು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಯಿ ತುಂಬ ಸಾರ್ ಸಾರ್. ಚಪ್ಪಲಿಯನ್ನು ಜಗಲಿಯ ಕೆಳಗೆ ಮನೆಯ ಕಡೆ ಮುಖ ಮಾಡಿ ಬಿಟ್ಟು, ಹೊಸ್ತಿಲಿನಾಚೆ ನಿಂತು, ತನಗೆ ಏನೇನು ಬೇಕು ಎಂದು ಕೇಳುತ್ತಾನೆ. ಒಬ್ಬನಿಗೆ ಕಣ್ಣು ಬೇಕು, ಒಬ್ಬನಿಗೆ ಕಿವಿ ಬೇಕು, ಇನ್ನೊಬ್ಬನಿಗೆ ನೀವು ಹೋದಲ್ಲೆಲ್ಲ ಹಿಂದೆ ಬರುವ ಅಪ್ಪಣೆ ಬೇಕು. ಅದಕ್ಕೇ ಊರವರು ಇವರನ್ನು ಅಪ್ಪಣೆಯವರು ಅನ್ನುತ್ತಾರೆ. ಕೇಳಿದ್ದಕ್ಕೆ ನೀವು ‘ಯಾವಾಗಲೂ’ ಅನ್ನಬಹುದು, ‘ಕರೆದಾಗ ಮಾತ್ರ’ ಅನ್ನಬಹುದು, ‘ಇಲ್ಲ’ ಅನ್ನಬಹುದು. ಕಣ್ಣಿಲ್ಲ ಅಂದರೆ ಅವನು ಆ ಮನೆಯಲ್ಲಿ ಗೋಡೆ ತಡವಿಕೊಂಡು ಓಡಾಡುತ್ತಾನೆ. ಕಿವಿಯಿಲ್ಲ ಅಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗಿ ನೋಡುವುದಿಲ್ಲ. ಫೋನು ಮುಟ್ಟಿದರೆ ಮಾತ್ರ ಎದ್ದು ಬರುತ್ತಾನೆ. ಹೊಸ್ತಿಲಲ್ಲಿ ನಿಂತು ಆಡಿದ ಮಾತೊಂದು ಮಾತ್ರ ಕಿವಿಯಿಲ್ಲದವರಿಗೂ ಕೇಳಿಸುತ್ತದೆ. ಪೂರ್ತಿ ಬೇಡವೆನಿಸಿದರೆ ಅವನೆದುರಿಗೆ ಅವನ ಚಪ್ಪಲಿಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟರಾಯಿತು, ಹಾಕಿಕೊಂಡು ಹೊರಟುಹೋಗುತ್ತಾನೆ.

ಊರು ಇದಕ್ಕೆ ಹೊಂದಿಕೊಂಡುಬಿಟ್ಟಿದೆ. ಕ್ಷೌರದಂಗಡಿಯ ಹೊರಗೆ ಇವರಿಗೆಂದೇ ಒಂದು ಬೆಂಚಿದೆ. ಹೆಣ್ಣು ನೋಡಲು ಹೋಗುವವರು ತಮ್ಮ ತಮ್ಮವರನ್ನು ಬೀದಿಯ ತಿರುವಿನಲ್ಲೇ ಬಿಟ್ಟು ಹೋಗುತ್ತಾರೆ. ಹುಡುಗ ಹುಡುಗಿ ಕೆರೆ ಏರಿಯ ಮೇಲೆ ಹೊರಟರೆ ಹಿಂದೆ ಸ್ವಲ್ಪ ದೂರದಲ್ಲಿ ದಾರಿ ತೋರಿಸುವ ನಕ್ಷೆಯವನು ಬರುತ್ತಿರುತ್ತಾನೆ. ಅಪ್ಪಂದಿರು ಮಗಳನ್ನು ಹುಡುಕುವುದಿಲ್ಲ, ನಕ್ಷೆಯವನನ್ನು ಹುಡುಕುತ್ತಾರೆ. ಚಪ್ಪಲಿ ತಿರುಗಿಸುವ ಪದ್ಧತಿಯಂತೂ ಈಗ ಮನುಷ್ಯರಿಗೂ ಬಂದಿದೆ. ಮೇಲಿನ ಬೀದಿಯಲ್ಲಿ ಬೇಸಿಗೆಯಿಡೀ ಕೂತು ಉಂಡ ಅಳಿಯನ ಬೂಟನ್ನು ಅತ್ತೆಯೇ ಬಗ್ಗಿ ಬೀದಿಗೆ ತಿರುಗಿಸಿದ್ದು ಇವತ್ತಿಗೂ ಜನರ ಬಾಯಲ್ಲಿದೆ. ಮದುವೆ ಮನೆಗಳಲ್ಲಿ ಅಪ್ಪಣೆಯವರು ಕೂರಲು ಹೊರಗೊಂದು ಬೇರೆ ಪೆಂಡಾಲು ಹಾಕಿಸುತ್ತಾರೆ. ಆ ಪೆಂಡಾಲು ಹಾಕುವವನು ನಾನು.

ನನ್ನ ಹೆಸರು ಹಾಲಪ್ಪ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತೇನೆ. ಯಾರು ಏನು ಕೇಳಿದರೂ ಇಲ್ಲ ಅನ್ನಲು ಬರದಿರುವುದು ನನ್ನ ಹುಟ್ಟುಗುಣ. ಜನ ಇದನ್ನು ಒಳ್ಳೆಯತನ ಅನ್ನುತ್ತಾರೆ, ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಒಂದೇ ಮುಹೂರ್ತಕ್ಕೆ ಇಬ್ಬರಿಗೂ ಒಂದೇ ಕೊಪ್ಪರಿಗೆಯನ್ನು ಒಪ್ಪಿಕೊಂಡು, ಒಂದು ಮದುವೆಯ ಅನ್ನ ಬಸಿದ ಕೂಡಲೇ ಬಿಸಿ ಪಾತ್ರೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಮದುವೆಗೆ ಓಡಿದವನು ನಾನು. ಗುರುತು ಇನ್ನೂ ಇದೆ, ತೋರಿಸುವ ಜಾಗದಲ್ಲಿಲ್ಲ. ನನಗೆ ಮದುವೆ ಯಾಕಾಗಲಿಲ್ಲ ಎಂದರೆ, ಎರಡು ಕಡೆಯವರು ಕೇಳಿದರು, ಎರಡು ಕಡೆಯವರಿಗೂ ಹೂಂ ಅಂದೆ. ಎರಡೂ ಬಳಗ ತಟ್ಟೆ ತಾಂಬೂಲ ಹಿಡಿದು ಒಂದೇ ದಿನ ನಮ್ಮ ಜಗಲಿಯಲ್ಲಿ ಭೇಟಿಯಾಯಿತು. ಅವತ್ತು ಆ ಎರಡು ಕುಟುಂಬದವರು ಒಬ್ಬರಿಗೊಬ್ಬರು ಇಷ್ಟವಾಗಿ ಆಮೇಲೆ ಬೀಗರೂ ಆದರು. ಆ ಮದುವೆಗೆ ಶಾಮಿಯಾನ ನನ್ನದೇ.

ಇಂಥವನ ಮನೆಗೆ ಅಪ್ಪಣೆಯವರು ಬಂದರೆ ಏನಾಗಬೇಕೋ ಅದೇ ಆಯಿತು. ಬಂದವರಿಗೆಲ್ಲ ಎಲ್ಲದಕ್ಕೂ ‘ಯಾವಾಗಲೂ’. ಕುರ್ಚಿಗೆ ಬರವಿಲ್ಲದ ಮನೆ ಬೇರೆ. ಜಗಲಿಯ ಮೇಲೆ ಹವಾಮಾನದವಳು ಕೂತಿದ್ದಳು; ನಾನು ಎಲ್ಲಿ ಹೋದರೂ ಹಿಂದೆ ಬಂದು, ನಾನು ನೆನೆದ ಮೇಲೆ ಮಳೆ ಬರುತ್ತಿದೆ ಎಂದು ಹೇಳುತ್ತಿದ್ದಳು. ಹೆಜ್ಜೆ ಎಣಿಸುವವನಿಗೆ ನನ್ನ ದೆಸೆಯಿಂದ ಕೆಲಸವೇ ಇಲ್ಲದೆ ಬೊಜ್ಜು ಬಂದಿತ್ತು. ಫೋಟೋ ಚೆಂದ ಮಾಡುವ ಹುಡುಗಿ ದಿನಕ್ಕೊಮ್ಮೆ ನನ್ನ ಮುಖವನ್ನು ಹತ್ತಿರದಿಂದ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಇವರಿಗೆಲ್ಲ ಕೊಟ್ಟ ಅಪ್ಪಣೆ ಹೆಚ್ಚಿದಷ್ಟೂ ಕಾಫಿ ಹೆಚ್ಚು ಬೇಕು. ಆ ಕಾಫಿ ಮಾಡುತ್ತಿದ್ದವಳು ನನ್ನ ಅಕ್ಕ ನೀಲಾಂಬಿಕೆ, ಊರಿನವರ ಬಾಯಲ್ಲಿ ನೀಲಕ್ಕ. ಅವಳದು ಹಳೆಯ ಗುಂಡಿಯ ಫೋನು, ಅದರಿಂದ ಇವತ್ತಿನವರೆಗೆ ಯಾರೂ ಮನೆಗೆ ಬಂದಿಲ್ಲ.

ಅಕ್ಕ ಗಂಡನನ್ನು ಕಳೆದುಕೊಂಡು ಸಣ್ಣ ವಯಸ್ಸಿನಲ್ಲೇ ಈ ಮನೆಗೆ ವಾಪಸು ಬಂದವಳು. ಬಾಡಿಗೆಗೆ ಹೋದ ಸೌಟು ತಿರುಗಿ ಬಂತೇ ಇಲ್ಲವೇ ಎನ್ನುವುದರಿಂದ ಹಿಡಿದು ನಾನು ಉಂಡೆನೇ ಇಲ್ಲವೇ ಎನ್ನುವವರೆಗೆ ಎಲ್ಲವೂ ಅವಳ ಸುಪರ್ದು. ಹೊರಗಿನವರೆದುರು ಎರಡು ಮಾತಿಗೆ ಮೂರನೆಯದು ಆಡುವವಳಲ್ಲ. ಆದರೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳೆಂದರೆ ಅಲ್ಲಿ ಜಗಳ ಶುರು. ಒಬ್ಬಳೇ. ಎಂದೋ ಯಾರೋ ಆಡಿದ ಮಾತಿಗೆ ಅಂದು ಕೊಡಲಾಗದೆ ಉಳಿದ ಉತ್ತರಗಳನ್ನು ಅವಳು ಈಗ ಕೊಡುತ್ತಿದ್ದಳು. ತುಂಬಿದ ಪಂಕ್ತಿಯಲ್ಲಿ ಅವಳ ಓರಗಿತ್ತಿ, ‘ಇದು ನೀಲಾ ಮಾಡಿದ ಹೋಳಿಗೆ, ಹಲ್ಲು ಗಟ್ಟಿ ಇರೋರು ಮಾತ್ರ ತಿನ್ನಿ’ ಅಂದಿದ್ದಳಂತೆ. ಆ ಒಂದು ಮಾತಿಗೆ ಅಕ್ಕ ಚಪಾತಿ ಲಟ್ಟಿಸುತ್ತಾ ಎಷ್ಟು ಬಗೆಯ ಉತ್ತರ ಕೊಟ್ಟಿದ್ದಾಳೋ ದೇವರೇ ಬಲ್ಲ. ‘ನಿಮ್ಮ ನಾಲಿಗೆಗಿಂತ ಮೆತ್ತಗಿತ್ತು ಬಿಡಿ ಅಕ್ಕಾ’ ಎನ್ನುವುದು ಇತ್ತೀಚಿನದು, ನನಗೆ ಬಹಳ ಹಿಡಿಸಿತ್ತು. ನಾನು ಕೂರುವ ಮೇಜು ಅಡುಗೆಮನೆಯ ಗೋಡೆಗೇ ತಾಗಿದೆ. ಬೇಕೆಂದು ಕೇಳುತ್ತಿದ್ದೆನೆಂದಲ್ಲ, ಕಿವಿಗೆ ಬೀಳುತ್ತಿತ್ತು.

ಕೊನೆಯ ಜಗಳ ಮಾತ್ರ ಯಾವಾಗಲೂ ಒಂದೇ. ಅದು ಒಗ್ಗರಣೆಯ ಹೊತ್ತಿಗೆ, ಸಾಸಿವೆ ಸಿಡಿಯುವ ಸದ್ದಿನೊಳಗೆ ಬರುತ್ತಿತ್ತು. ಅವಳ ಗಂಡ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದಾಗ ಅವಳ ಭಾವ, ‘ಈಗ ಗಾಡಿ ಗೀಡಿ ಏನೂ ಬೇಡ, ಬೆಳಗಾಗ್ಲಿ ನೋಡೋಣ’ ಅಂದಿದ್ದ. ಹೊಸ ಸೊಸೆ, ತಲೆ ಮೇಲೆ ಸೆರಗು, ‘ಹೂಂ ಭಾವ’ ಅಂದಿದ್ದಳು. ಬೆಳಗಾಗುವಷ್ಟರಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಒಲೆಯ ಮುಂದೆ ಅವಳು ದಿನಾ ಆ ಹೂಂ ಅನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು. ‘ಇಲ್ಲ ಭಾವ. ಬೆಳಗಾಗೋವರೆಗೆ ನಾನು ಕಾಯಲ್ಲ. ಈಗ್ಲೇ ಗಾಡಿ ತರಿಸಿ.’ ಒಂದು ದಿನ ಗಟ್ಟಿಯಾಗಿ, ಒಂದು ದಿನ ಮೆಲ್ಲಗೆ. ಅದನ್ನು ಹೇಳಿ ಮುಗಿಸಿ ಬಾಗಿಲು ತೆಗೆದು ಹೊರಗೆ ಬಂದಾಗ ಅವಳ ಮುಖ ತೊಳೆದಿಟ್ಟ ಪಾತ್ರೆಯ ಹಾಗಿರುತ್ತಿತ್ತು. ‘ಎಲೆ ಹಾಕ್ಕೋ’ ಅನ್ನುತ್ತಿದ್ದಳು. ಇಲ್ಲ ಅನ್ನಲಾಗದ ರೋಗ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಅಂಟಿದ್ದಲ್ಲ, ಅವಳು ಅದಕ್ಕೆ ಮದ್ದು ಅರೆದುಕೊಳ್ಳುತ್ತಿದ್ದಳು ಅಷ್ಟೇ.

ಹೀಗಿರುವಾಗ ನಾನು ಟಾರ್ಚಿನ ಆಪ್ ಹಾಕಿಕೊಂಡೆ. ಪಾತ್ರೆ ಪೇರಿಸಿಡುವ ಉಗ್ರಾಣದಲ್ಲಿ ಕತ್ತಲೆ, ಅದಕ್ಕೆ. ಬೆಳಿಗ್ಗೆ ಟಾರ್ಚಿನವನು ಬಂದ. ತೆಳ್ಳಗಿನ ಮನುಷ್ಯ, ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ನಿಂತ ನಿಲುವಿನಲ್ಲೇ ನಮಸ್ಕಾರವಿತ್ತು. ದೀಪ ಹಿಡಿಯುತ್ತೇನೆ ಅಂದ. ಆಮೇಲೆ ಕಣ್ಣು ಕೇಳಿದ, ಹಿಂದೆ ಬರುವ ಅಪ್ಪಣೆ ಕೇಳಿದ, ಕಿವಿ ಕೇಳಿದ.

ಕಾಫಿ ತಂದ ಅಕ್ಕ ಅಲ್ಲೇ ನಿಂತಳು. “ಟಾರ್ಚಿಗೆ ಕಿವಿ ಯಾಕೋ?”

“ಪಾಪ, ಬಾಯಿಬಿಟ್ಟು ಕೇಳ್ತಿದಾನಲ್ಲ ಅಕ್ಕ.”

“ನಾಳೆ ಮೂತ್ರಪಿಂಡ ಕೇಳ್ತಾನೆ. ಅದನ್ನೂ ಬಾಳೆಲೆ ಮೇಲಿಟ್ಟು ಕೊಡು.”

ನಾನು ನಕ್ಕು ‘ಯಾವಾಗಲೂ’ ಅಂದೆ. ಟಾರ್ಚಿನವನು ಒಳಗೆ ಬಂದು, ಮನೆಯನ್ನೊಮ್ಮೆ ನೋಡಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ. ಅಲ್ಲಿ ಗಾಳಿ ಚೆನ್ನಾಗಿದೆ ಸಾರ್, ಅಂದ. ನಮ್ಮ ಮನೆಯಲ್ಲಿ ಗಾಳಿಯೇ ಆಡದ ಜಾಗ ಅದೊಂದು.

ಅಪ್ಪಣೆಯವರೆಲ್ಲ ಸಂಜೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹಿಂದೆ ಸೇರುತ್ತಾರೆ. ಅಲ್ಲಿ ಏನು ಮಾತಾಡಿಕೊಳ್ಳುತ್ತಾರೋ ಯಾರಿಗೂ ತಿಳಿಯದು, ಆದರೆ ಮಾರನೆಯ ದಿನ ಮಾರುವವರು ಮನೆಗೆ ಬರುತ್ತಾರೆ. ಮೊದಲು ಬಂದವನು ಹೋಳಿಗೆ ಮೆತ್ತಗಾಗುವ ಹಿಟ್ಟು ತಂದಿದ್ದ. ‘ಇದು ಹಾಕಿ ಮಾಡಿದ್ರೆ ಹಲ್ಲಿಲ್ಲದೋರೂ ತಿನ್ನಬಹುದು ಅಮ್ಮಾ’ ಅಂದ. ಅಕ್ಕ ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ ಕಳಿಸಿದಳು. ನಾನು ಒಂದು ಪೊಟ್ಟಣ ತೆಗೆದುಕೊಂಡೆ, ಪಾಪ ದೂರದಿಂದ ಬಂದಿದ್ದ. ಆಮೇಲೆ ಹಲ್ಲಿನ ಡಾಕ್ಟರರ ಕಡೆಯವನು ಬಂದ. ಆಮೇಲೆ ಸಂಬಂಧಿಕರ ಮೇಲೆ ದಾವೆ ಹೂಡಿಸುವ ವಕೀಲರ ಗುಮಾಸ್ತ ಬಂದ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ನಾನು ಅವನಿಗೂ ಕುರ್ಚಿ ಹಾಕಿ, ಅವರ ಮನೆಯ ನಾಮಕರಣಕ್ಕೆ ಶಾಮಿಯಾನ ಒಪ್ಪಿಕೊಂಡೆ.

ಒಂದು ಮಧ್ಯಾಹ್ನ ಬಿಳಿ ಅಂಗಿಯ ಒಬ್ಬ ಹುಡುಗ ಬಂದು ಜಗಲಿಯಿಂದಲೇ ಕೂಗಿದ. “ನೀಲಾಂಬಿಕಮ್ಮನವರು ಯಾರು? ಗಾಡಿ ಬೇಕು ಅಂತಿದ್ರಂತೆ. ನಮ್ಮ ಆಂಬುಲೆನ್ಸ್ ಸ್ಕೀಮಿಗೆ ಸೇರ್ಕೊಳ್ಳಿ ಅಮ್ಮಾ, ಯಾವ ಹೊತ್ತಲ್ಲಿ ಕರೆದ್ರೂ ಬಾಗಿಲಿಗೆ ಬರುತ್ತೆ. ಬೆಳಗಾಗೋವರೆಗೆ ಕಾಯೋದೇ ಬೇಡ.”

ಅಕ್ಕನ ಕೈಯಲ್ಲಿ ತೊಳೆದ ಲೋಟಗಳಿದ್ದವು. ಅವಳು ಅವುಗಳನ್ನು ಬೀಳಿಸಲಿಲ್ಲ, ಒಂದೊಂದಾಗಿ ಕೆಳಗಿಟ್ಟಳು. ಹುಡುಗನನ್ನು ನೋಡಲಿಲ್ಲ. ಅಡುಗೆಮನೆಯ ಪಕ್ಕದ ಕುರ್ಚಿಯನ್ನು ನೋಡಿದಳು, ಅದರ ಮೇಲೆ ಮಂಡಿಗೆ ಕೈ ಕೊಟ್ಟು ವಿನಯವಾಗಿ ಕೂತಿದ್ದ ಟಾರ್ಚಿನವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹುಡುಗನಿಗೆ ಬೇಡ ಅನ್ನುವುದನ್ನಾದರೂ ನಾನು ಮಾಡಬೇಕಿತ್ತಲ್ಲ, ‘ಯೋಚಿಸಿ ಹೇಳ್ತೀವಿ’ ಅಂದೆ.

ಅವತ್ತಿನಿಂದ ಅಡುಗೆಮನೆಯಲ್ಲಿ ಜಗಳ ನಿಂತಿತು. ಲಟ್ಟಣಿಗೆಯ ಸದ್ದು, ನೀರಿನ ಸದ್ದು, ಸಾಸಿವೆಯ ಸದ್ದು, ಅಷ್ಟೇ. ಅಕ್ಕ ಎಲ್ಲರೊಡನೆ ನಯವಾಗಿ ಮಾತಾಡತೊಡಗಿದಳು, ನನ್ನೊಡನೆ ಕೂಡ. ‘ಊಟಕ್ಕೆ ಬರ್ತೀಯಾ’ ಅನ್ನತೊಡಗಿದಳು. ನಮ್ಮ ಮನೆಯಲ್ಲಿ ಊಟಕ್ಕೆ ಅಂಥ ಪ್ರಶ್ನೆಯೇ ಇರಲಿಲ್ಲ, ಆಜ್ಞೆ ಇತ್ತು. ಸಾರಿನಲ್ಲಿ ಉಪ್ಪು ಹುಳಿ ಖಾರ ಎಲ್ಲ ಇದ್ದೂ ಏನೋ ಇರಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪಾಯಿತು. ಆಡದ ಮಾತು ಒಳಗೇ ಉಳಿದು ಅವಳನ್ನು ತಿನ್ನುತ್ತಿರುವುದು ನನಗೆ ಕಾಣುತ್ತಿತ್ತು, ನನಗೆ ಬಹಳ ಸಂಕಟವಾಗುತ್ತಿತ್ತು, ಮತ್ತು ಆ ಸಂಕಟದಲ್ಲೇ ನಾನು ಟಾರ್ಚಿನವನಿಗೆ ಎರಡನೇ ಲೋಟ ಕಾಫಿ ಕೊಡುತ್ತಿದ್ದೆ.

ಒಂದು ದಿನ ಬಡಿಸುತ್ತಾ ಅವಳೇ ಹೇಳಿದಳು. “ಕಾಲೇಜು ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡುಗೆ ನೋಡ್ಕೊಳ್ಳೋರು ಬೇಕಂತೆ. ಇರೋಕೆ ರೂಮು ಕೊಡ್ತಾರೆ. ಅಲ್ಲಿ ಇಂಥೋರನ್ನೆಲ್ಲ ಗೇಟಲ್ಲೇ ನಿಲ್ಲಿಸ್ತಾರೆ. ಸೋಮವಾರದಿಂದ ಹೋಗ್ತೀನಿ.”

“ಅಕ್ಕಾ…”

“ನಿನ್ನನ್ನ ಬಯ್ತಾ ಇಲ್ಲ ಕಣೋ. ಈ ಮನೇಲಿ ನಂಗೆ ಒಂದು ಬಾಗಿಲು ಇತ್ತು, ಮುಂದೆ ಮಾಡ್ಕೊಂಡ್ರೆ ಸಾಕಾಗಿತ್ತು. ಈಗ ಸಾಕಾಗ್ತಿಲ್ಲ. ನೀನು ಅವನಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಿನ್ನ ಕೈಲಾಗಲ್ಲ ಅಂತ ನಂಗೊತ್ತು. ಹೋಗ್ಲಿ ಬಿಡು.”

ಬಯ್ದಿದ್ದರೆ ಚೆನ್ನಾಗಿತ್ತು. ಅವಳಿಲ್ಲದ ಆ ಮನೆಯನ್ನು ನೆನೆಸಿಕೊಂಡೆ, ಕುರ್ಚಿಗಳು ಮಾತ್ರ ಕಂಡವು. ಸೋಮವಾರದೊಳಗೆ ಟಾರ್ಚಿನವನ ಕಿವಿ ಕಳೆಯಲೇಬೇಕೆಂದು ನಿರ್ಧರಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಬೇಕಿತ್ತು. ಮೊದಲು ಅವನ ಕುರ್ಚಿಯನ್ನು ಉಗ್ರಾಣಕ್ಕೆ ಒಯ್ದು, ಇಲ್ಲಿ ತಂಪಾಗಿದೆ ನೋಡಿ ಅಂದೆ. ‘ಆಗ್ಲಿ ಸಾರ್, ಇಲ್ಲಿಂದ್ಲೂ ಚೆನ್ನಾಗಿ ಕೇಳ್ಸುತ್ತೆ’ ಅಂದ. ಅಕ್ಕ ಅಡುಗೆಗೆ ಹೋದಾಗಲೆಲ್ಲ, ಸದ್ದಿನಲ್ಲಿ ಅವಳ ಮಾತು ಮುಚ್ಚಿಹೋಗಲೆಂದು ಜಗಲಿಯಲ್ಲಿ ಕೂತು ಕೊಳಗ ತಿಕ್ಕಿದೆ. ಅವನು ಬಂದು, ನೀವು ಯಾಕೆ ಸಾರ್, ಕೊಡಿ, ಎಂದು ಕಸಿದುಕೊಂಡು ಸದ್ದಿಲ್ಲದೆ ತಿಕ್ಕಿಕೊಟ್ಟ. ನಿಮಗೆ ಕಿವಿ ನೋವು ಗೀವು ಬರೋದಿಲ್ಲವೇ ಎಂದು ವಿಚಾರಿಸಿದೆ. ಅವನಿಗೆ ಕಣ್ಣು ತುಂಬಿ ಬಂತು, ಇಷ್ಟು ದಿನದಲ್ಲಿ ಹೀಗೆ ಕೇಳಿದ ಯಜಮಾನರು ನೀವೊಬ್ಬರೇ ಅಂದ. ಅಷ್ಟಾದ ಮೇಲೆ ಅವನಿಗೆ ಇಲ್ಲ ಅನ್ನುವುದು ಇನ್ನೂ ಕಷ್ಟವಾಯಿತು. ಕಡೆಗೆ ಧೈರ್ಯ ಮಾಡಿ ಹೊಸ್ತಿಲಲ್ಲಿ ನಿಂತು ‘ಕಿವಿ ಕರೆದಾಗ ಮಾತ್ರ’ ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸರಿ ಸಾರ್ ಎಂದ. ಉಗ್ರಾಣದಲ್ಲಿ ನನಗೆ ಗಳಿಗೆಗೊಮ್ಮೆ ದೀಪ ಬೇಕು, ಕರೆದಾಗಲೆಲ್ಲ ಕಿವಿಯೂ ಜೊತೆಗೇ ಬಂತು.

“ಅರ್ಧ ಇಲ್ಲ ಅಂದ್ರೂ ಹೂಂ ಅಂದ ಹಾಗೇ ಕಣೋ,” ಅಂದಳು ಅಕ್ಕ, ತನ್ನ ಸೀರೆಗಳನ್ನು ಮಡಿಸುತ್ತಾ.

ಆಗ ನನಗೆ ಚಪ್ಪಲಿಯ ನೆನಪಾಯಿತು. ಅವನೆದುರಿಗೇ ತಿರುಗಿಸಬೇಕೆನ್ನುವುದು ಮರ್ಯಾದೆ, ಆದರೆ ಕದ್ದು ತಿರುಗಿಸಿದರೂ ಕೆಲಸ ಆಗುತ್ತದೆ ಎಂದು ಕೇಳಿದ್ದೆ. ಭಾನುವಾರ ಬೆಳಗಿನ ಜಾವ ಎದ್ದೆ. ಅವನು ನಿದ್ದೆ ಹೋಗಿರುವಾಗ ಚಪ್ಪಲಿ ತಿರುಗಿಸಿ, ಹಾಸಿಗೆಗೆ ಮರಳಿ, ಅವನು ಹೊರಟುಹೋಗುವ ತನಕ ಮುಸುಕು ಹಾಕಿಕೊಂಡಿರುವುದು ನನ್ನ ಪರಾಕ್ರಮದ ಯೋಜನೆ. ಜಗಲಿಗೆ ಬಂದರೆ ಕರೆಂಟಿಲ್ಲ, ಗವ್ವೆನ್ನುವ ಕತ್ತಲು. ಜಗಲಿಯ ಕೆಳಗೆ ಇಡೀ ಬಳಗದ ಚಪ್ಪಲಿಗಳು. ಟಾರ್ಚಿನವನ ಚಪ್ಪಲಿ ಹುಡುಕಲು ಟಾರ್ಚು ಬೇಕು. ಅವನನ್ನೇ ಕರೆದು, ಸ್ವಲ್ಪ ದೀಪ ಹಿಡೀರಿ, ನಿಮ್ಮನ್ನ ಓಡಿಸಬೇಕು ಅನ್ನಲು ನನಗೆ ಬಾಯಿ ಬರಲಿಲ್ಲ. ಕೈಯಿಂದ ತಡವಿದೆ. ಹವಾಯಿ ಚಪ್ಪಲಿ, ತೆಳ್ಳಗೆ ಸವೆದ ಹಿಮ್ಮಡಿ, ಇದೇ ಎಂದು ಬೀದಿಯ ಕಡೆ ತಿರುಗಿಸಿಟ್ಟು ಬಂದು ಮಲಗಿದೆ. ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಎದ್ದಾಗ ಬಿಸಿಲು ಬಂದಿತ್ತು, ಮನೆ ನಿಶ್ಶಬ್ದವಾಗಿತ್ತು. ಕಾಫಿಯ ವಾಸನೆ ಇರಲಿಲ್ಲ. ಹೊರಗೆ ಬಂದು ನೋಡಿದರೆ ಹೊಸ್ತಿಲ ಬಳಿ ಅಕ್ಕ ನಿಂತಿದ್ದಾಳೆ, ಮದುವೆಗಳಿಗೆ ಉಡುವ ಒಳ್ಳೆಯ ಸೀರೆ, ಪಕ್ಕದಲ್ಲಿ ಚೀಲ. ಚೀಲವನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರಲು ಸಿದ್ಧನಾಗಿ ನಿಂತವನು ಟಾರ್ಚಿನವನು. ಜಗಲಿಯ ಕೆಳಗೆ ಅವನ ನೀಲಿ ಪಟ್ಟಿಯ ಚಪ್ಪಲಿ ಮನೆಯ ಕಡೆಗೇ ಮುಖ ಮಾಡಿತ್ತು. ಅದರ ಪಕ್ಕದಲ್ಲಿ, ಬೀದಿಗೆ ನೆಟ್ಟಗೆ ಮುಖ ಮಾಡಿದ್ದದ್ದು ಅಕ್ಕನ ಚಪ್ಪಲಿ.

ನಾನು ಎರಡು ಜೊತೆಯನ್ನೂ ಮತ್ತೊಮ್ಮೆ ನೋಡಿದೆ.

“ನಾಳೆ ಹೇಗೂ ಹೋಗ್ತಿದ್ದೆ,” ಅಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ? ಬಾಯಿಬಿಟ್ಟು ಹೋಗು ಅಂದಿದ್ರೆ ಹೋಗ್ತಿರ್ಲಿಲ್ವೇನೋ ನಾನು? ಕತ್ತಲಲ್ಲಿ ಕದ್ದು ತಿರುಗಿಸಬೇಕಿತ್ತಾ?”

“ಅಕ್ಕಾ, ಅದು ನಿನ್ನದಲ್ಲ, ಅವನದು ಅಂತ… ಕತ್ತಲಿತ್ತು… ಕೈಗೆ ಸಿಕ್ಕಿದ್ದು…”

“ಅವನದು ಒಳಮುಖ ಇದೆ. ನಂದು ಹೊರಮುಖ ಇದೆ. ಊರಿಗೆಲ್ಲ ಹೂಂ ಅಂದೆ, ಇಲ್ಲ ಅನ್ನೋದಕ್ಕೆ ನಿಂಗೆ ಸಿಕ್ಕಿದ್ದು ನಾನೊಬ್ಬಳು.” ಅವಳು ಜಗಲಿಯಿಂದಿಳಿದು ಚಪ್ಪಲಿಗೆ ಕಾಲು ಹಾಕಿದಳು.

ಜಗಲಿಯ ತುಂಬ ಜನ. ಹವಾಮಾನದವಳು ಆಕಾಶ ನೋಡಿದಳು, ಫೋಟೋದ ಹುಡುಗಿ ನನ್ನ ಮುಖ ನೋಡಿ ಈ ಸಲ ನಿಟ್ಟುಸಿರನ್ನೂ ಬಿಡಲಿಲ್ಲ. ಅಕ್ಕ ಬೀದಿಯ ಕಡೆಗೆ ಒಂದು ಮೆಟ್ಟಿಲು ಇಳಿದಳು.  ಬೆಳಗಾಗಲಿ ನೋಡೋಣ ಅನ್ನುವುದು ನನ್ನ ಸ್ವಭಾವವೂ ಹೌದು ಎಂದು ಆಗ ಹೊಳೆಯಿತು, ನನಗೆ ನನ್ನ ಮೇಲೇ ಅಸಹ್ಯವಾಯಿತು.

“ಇಲ್ಲ,” ಅಂದೆ.

ಅದು ಎಷ್ಟು ಸಣ್ಣಗೆ ಬಂತೆಂದರೆ ಟಾರ್ಚಿನವನು ಚೀಲ ಕೆಳಗಿಟ್ಟು ಕಿವಿಯ ಹಿಂದೆ ಕೈ ಇಟ್ಟುಕೊಂಡ. “ಏನಂದ್ರಿ ಸಾರ್?”

ಇನ್ನೊಮ್ಮೆ ಹೇಳಬೇಕಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು, ಹೊಸ್ತಿಲಿನ ಮೇಲೆ ನಿಂತು ಕೂಗಿದೆ. “ಇಲ್ಲ! ನಿಮಗೆ ಈ ಮನೇಲಿ ಕಿವಿ ಇಲ್ಲ! ಕರೆದಾಗಲೂ ಇಲ್ಲ! ಕಣ್ಣಿಲ್ಲ! ನನ್ನ ಹಿಂದೆ ಬರೋ ಹಾಗಿಲ್ಲ!” ಎದುರು ಮನೆಯ ಕಿಟಕಿ ತೆರೆದುಕೊಂಡಿತು.  ಈಗ ಅವನು ಅಳುತ್ತಾನೆ, ಇಲ್ಲವೇ ಶಾಪ ಹಾಕುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ.

“ಆಗ್ಲಿ ಸಾರ್,” ಅಂದ ಟಾರ್ಚಿನವನು. “ದೀಪ ಹಿಡಿಯೋದು ಇರುತ್ತಲ್ಲ?”

ನಾನು ಕಣ್ಣು ಬಿಟ್ಟೆ. “ಕಿವಿ ಇಲ್ದೆ ದೀಪ ಹಿಡಿಯೋಕಾಗುತ್ತಾ?”

“ದೀಪಕ್ಕೂ ಕಿವಿಗೂ ಏನು ಸಂಬಂಧ ಸಾರ್? ಕೇಳೋದು ನಮ್ಮ ಪದ್ಧತಿ, ಕೇಳ್ತೀವಿ. ಬೇಡ ಅಂದೋರ ಮನೇಲಿ ಬೇಡ. ಮೊದಲನೇ ದಿನವೇ ಅಂದಿದ್ರೂ ಇದೇ ಹೇಳ್ತಿದ್ದೆ.” ಅವನು ಇನ್ನೂ ಏನೋ ಹೇಳಲು ಹೊರಟು, ಹೊಸ್ತಿಲಿನಿಂದ ಒಂದು ಹೆಜ್ಜೆ ಸರಿದ. ಅಷ್ಟೇ, ಅವನ ಮುಖದಿಂದ ಆಲಿಸುವ ಕಳೆ ಹೊರಟುಹೋಯಿತು. ಗೋಡೆ ತಡವಿಕೊಂಡು ಹೋಗಿ, ಜಗಲಿಯ ತುದಿಗೆ ಕುರ್ಚಿ ಎಳೆದುಕೊಂಡು, ಸಂತೆಯಿಂದ ಬಂದವನ ಹಾಗೆ ಕಾಲು ಚಾಚಿ ಕೂತ.

ಇಷ್ಟೇನೇ! ಇಷ್ಟಕ್ಕಾಗಿ ನಾನು ಅಕ್ಕನನ್ನು ಬೀದಿಗೆ ಕಳಿಸಲು ಹೊರಟಿದ್ದೆ. ಇಷ್ಟು ಸುಲಭವೆಂದು ತಿಳಿದದ್ದೇ ತಡ, ನನಗೆ ಅಮಲೇರಿತು. ಹವಾಮಾನದವಳಿಗೆ ಹಿಂದೆ ಬರಬೇಡ ಅಂದೆ, ಮೋಡ ನೋಡಿ ನಾನೇ ತಿಳಿದುಕೊಳ್ಳುತ್ತೇನೆ. ಹೆಜ್ಜೆಯವನ ಚಪ್ಪಲಿಯನ್ನು ಅವನೆದುರಿಗೇ ತಿರುಗಿಸಿದೆ. ಅವನು ಎಷ್ಟೋ ದಿನದ ಮೇಲೆ ನಡೆಯಲು ಸಿಕ್ಕಿತೆಂದು ಖುಷಿಯಾಗಿ ಹೋದ. ಫೋಟೋದ ಹುಡುಗಿಗೆ ಕಣ್ಣು ಕರೆದಾಗ ಮಾತ್ರ ಅಂದೆ, ಅವಳು ಕೈಮುಗಿದಳು. ಅಷ್ಟರಲ್ಲಿ ವಕೀಲರ ಗುಮಾಸ್ತ ನಾಮಕರಣದ ಶಾಮಿಯಾನ ಕೇಳಲು ಬಂದ, ಅವನಿಗೂ ಇಲ್ಲ ಅಂದುಬಿಟ್ಟೆ. ಅವನದು ಒಪ್ಪಿಕೊಂಡಿದ್ದ ಬಾಡಿಗೆ, ಅವನಿಗೆ ಅನ್ನಬಾರದಿತ್ತು.

ತಿರುಗಿ ನೋಡಿದರೆ ಅಕ್ಕ ಮೆಟ್ಟಿಲಿನ ಮೇಲೇ ನಿಂತಿದ್ದಳು. ನಾನು ಇಳಿದು ಹೋಗಿ ಅವಳ ಕಾಲ ಬಳಿ ಕೂತೆ. “ಬಿಡು ಅಕ್ಕ. ಚಪ್ಪಲಿ ಬಿಡು.” ಅವಳು ಒಂದೊಂದಾಗಿ ಕಾಲು ತೆಗೆದಳು. ನಾನು ಆ ಚಪ್ಪಲಿಗಳನ್ನು ಎರಡೂ ಕೈಯಿಂದ ಹಿಡಿದು ಮನೆಯ ಕಡೆಗೆ ತಿರುಗಿಸಿಟ್ಟೆ. ಬೆಳಗಿನ ಹೊತ್ತು ಬೀದಿಯಲ್ಲಿ ಜನ ಓಡಾಡುತ್ತಿದ್ದರು, ನನಗೆ ನಾಚಿಕೆಯಾಗಲಿಲ್ಲ.

“ಎದ್ದೇಳು, ನಾಟಕ ಸಾಕು. ನಿಂಗೆ ಇನ್ನೂ ಕಾಫಿ ಆಗಿಲ್ಲ,” ಅಂದಳು ಅಕ್ಕ. ಅದು ಆಜ್ಞೆಯೇ ಆಗಿತ್ತು, ನನ್ನ ಎದೆ ಹಗುರಾಯಿತು.

ಕಾಫಿ ಮುಗಿಸಿ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ನನ್ನ ಮೇಜಿಗೆ ಬಂದೆ. ಲಟ್ಟಣಿಗೆಯ ಸದ್ದು ಬಂತು, ಮಾತು ಬರಲಿಲ್ಲ. ನೀರಿನ ಸದ್ದು ಬಂತು, ಮಾತು ಬರಲಿಲ್ಲ. ಮಾತು ಅವಳಿಗೆ ತಿರುಗಿ ಬರುವುದೇ ಇಲ್ಲವೇನೋ ಎಂದು ಭಯವಾಯಿತು. ಕುರ್ಚಿಯನ್ನು ಇನ್ನೊಂದಿಷ್ಟು ಗೋಡೆಯ ಕಡೆ ಎಳೆದುಕೊಂಡೆ, ಸರಿಯಾಗಿ ಕೇಳಿಸಲಿಲ್ಲ. ಎದ್ದು ಬಾಗಿಲ ಪಕ್ಕದಲ್ಲಿ, ಟಾರ್ಚಿನವನು ಬಿಟ್ಟುಹೋದ ಜಾಗದಲ್ಲಿ ಕುರ್ಚಿ ಹಾಕಿಕೊಂಡು, ಮಂಡಿಗೆ ಕೈ ಕೊಟ್ಟು, ತಲೆ ವಾಲಿಸಿ ಕೂತೆ. ಒಳ್ಳೆಯ ಉದ್ದೇಶದಿಂದಲೇ.

ಬಾಗಿಲು ತೆರೆಯಿತು. ಅಕ್ಕ ಸೌಟು ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಕುರ್ಚಿ ಇದ್ದ ಜಾಗವನ್ನು ನೋಡಿದಳು. ನನ್ನನ್ನು ದಾಟಿ ಜಗಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಬಗ್ಗಿ, ನನ್ನೆದುರಿಗೇ, ನನ್ನ ಚಪ್ಪಲಿಗಳನ್ನು ಬೀದಿಯ ಕಡೆಗೂ ಅಲ್ಲದೆ ಮನೆಯ ಕಡೆಗೂ ಅಲ್ಲದೆ ಅಡ್ಡಡ್ಡ ಇಟ್ಟಳು. ಹಾಗೆ ಇಡುವ ಪದ್ಧತಿ ನಮ್ಮೂರಲ್ಲಿಲ್ಲ, ಅವಳೇ ಮಾಡಿಕೊಂಡದ್ದು. ಆಮೇಲೆ ಬಂದು ಹೊಸ್ತಿಲಿನ ಮೇಲೆ ನಿಂತಳು.

“ಹಾಲಪ್ಪ, ಅಡುಗೆಮನೆ ಬಾಗಿ‌ಲು ಹಾಕಿದಾಗ ನಿಂಗೂ ಕಿವಿ ಇಲ್ಲ,” ಅಂದಳು.

“ನಾನೇನು ಅವನ ಹಾಗೆ ಯಾರಿಗೂ ಹೇಳ್ತಿರ್ಲಿಲ್ಲ ಅಕ್ಕ…”

“ಹೇಳಿದೀಯ ಅಂದ್ನಾ? ಕಿವಿ ಇಲ್ಲ ಅಂದೆ.”

ನನ್ನ ಜನ್ಮದಲ್ಲಿ ಎಷ್ಟೋ ಸಲ ಹೂಂ ಅಂದಿದ್ದೇನೆ. ನಿಜವಾಗಿ ಅನ್ನಬೇಕಾದ ಕಡೆ ಅಂದದ್ದು ಅದೇ ಮೊದಲು. ಹೋಗಿ ಜಗಲಿಯ ತುದಿಯಲ್ಲಿ ಟಾರ್ಚಿನವನ ಪಕ್ಕದ ಕುರ್ಚಿಯಲ್ಲಿ ಕೂತೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದು ಕೇಳಿಸಿತು, ಎದುರು ಮನೆಯ ಮಿಕ್ಸಿ ಕೇಳಿಸಿತು. ನಮ್ಮ ಅಡುಗೆಮನೆಯಿಂದ ಮಾತ್ರ ಏನೂ ಇಲ್ಲ. ಒಗ್ಗರಣೆಯ ಘಮ ಬಂತು, ಸಾಸಿವೆ ಸಿಡಿದ ಸದ್ದು ಬರಲಿಲ್ಲ. ಅವಳು ಒಳಗೆ ಮಾತಾಡುತ್ತಿದ್ದಾಳೋ, ಸುಮ್ಮನಿದ್ದಾಳೋ, ನಾನು ತಿಳಿಯಲಾರೆ. ಟಾರ್ಚಿನವನು ಅಂದಾಜಿನ ಮೇಲೆ ನನ್ನ ಕಡೆ ತಿರುಗಿ ಸ್ನೇಹದಿಂದ ನಕ್ಕ. ನಾನೂ ನಕ್ಕೆ. ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ಅವತ್ತು ಗೊತ್ತಾಯಿತು.

ಬಹಳ ಹೊತ್ತಿನ ಮೇಲೆ ಅಕ್ಕ ಬಾಗಿಲು ತೆಗೆದು ಹೊರಗೆ ಬಂದಳು. ಮುಖ ತೊಳೆದಿಟ್ಟ ಪಾತ್ರೆಯ ಹಾಗಿತ್ತು. “ಎಲೆ ಹಾಕ್ಕೋ,” ಅಂದಳು. ಆ ಎರಡು ಮಾತು ಸರಿಯಾಗಿ ಹೊರಡಲಿಲ್ಲ. ಗಟ್ಟಿಯಾಗಿ ಕೂಗಿ ಕೂಗಿ ದಣಿದವರ ಹಾಗೆ ದನಿ ಒಡೆದು, ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಯಾಕೆಂದು ನಾನು ವಿಚಾರಿಸಲಿಲ್ಲ. ಅವಳಿಗೆ ಕುಡಿಯಲು ಒಂದು ಲೋಟ ಬಿಸಿನೀರು ಕಾಯಿಸಿ ತಂದಿಟ್ಟು, ಎಲೆ ಹಾಕಿಕೊಂಡು ಕೂತೆ.